ಕುಯ್ಲು, ಮನೆಯಿಂದ ಕೆಲಸ, ಹತ್ತನೇ ಕ್ಲಾಸು ಎಲ್ಲ ಒಟ್ಟಿಗೆ: ಜನವರಿಯಿಂದ ಮಾರ್ಚ್‌ವರೆಗೆ ದಿನ ಹೇಗೆ ಹೊಂದಿಸುವುದು?

ತಿತಿಮತಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನಲ್ಲಿ 8 ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಕಾಳುಮೆಣಸು ಹಬ್ಬಿಸಿದೆ. ತೋಟ ಮನೆಯವರು ನೋಡಿಕೊಳ್ಳುತ್ತಾರೆ. ನನ್ನದು ಬೆಂಗಳೂರಿನ ಕಂಪನಿಯೊಂದರ ಕೆಲಸ, ಮನೆಯಿಂದಲೇ, ಬೆಳಿಗ್ಗೆ 10ರಿಂದ ಸಂಜೆ 7. ಮಗ ಹತ್ತನೇ ಕ್ಲಾಸು, ಮಗಳು ಮೂರನೇದು. ಅತ್ತೆಗೆ 74 ವರ್ಷ, ಶುಗರ್ ಇದೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್.

ಮಳೆಗಾಲವನ್ನೂ ಹೇಗೋ ದಾಟಿಸುತ್ತೇವೆ. ಕುಯ್ಲು ಶುರುವಾದರೆ ಮಾತ್ರ ಮನೆಯೆಲ್ಲ ಅಸ್ತವ್ಯಸ್ತ. ಸಂಜೆ 4ಕ್ಕೆ ಕೆಲಸದವರು ಚೀಲ ತಂದು ಅಂಗಳದಲ್ಲಿ ಇಳಿಸಿ ತೂಕ ಬರೆಯಲು ಕರೆಯುತ್ತಾರೆ. ಅದೇ ಹೊತ್ತಿಗೆ ನನ್ನ ಮೀಟಿಂಗು, ಅದೇ ಹೊತ್ತಿಗೆ ಮಗಳ ಸ್ಕೂಲ್ ವ್ಯಾನು. ಶನಿವಾರ ರಾತ್ರಿ ಕೂಲಿ ಬಟವಾಡೆ ಲೆಕ್ಕ ಹಾಕುತ್ತಾ 11 ಗಂಟೆ. ಫೆಬ್ರವರಿಯಲ್ಲಿ ಕಾಫಿ ಹೂವಿಗೆ ನೀರು ಹಾರಿಸುವ ಸ್ಪ್ರಿಂಕ್ಲರ್ ಶುರುವಾದರೆ ಪೈಪ್ ಬದಲಿಸಲು ಇವರು ರಾತ್ರಿ ಎರಡು ಸಲ ಏಳುತ್ತಾರೆ, ಜೊತೆಗೆ ನನಗೂ ನಿದ್ದೆ ಇಲ್ಲ. ಬೆಳಿಗ್ಗೆ ಎದ್ದರೆ ಮಕ್ಕಳ ಮೇಲೆ ರೇಗಾಟ. ಇದರ ಮಧ್ಯೆ ಕರೆಂಟು ಹೋದರೆ ಕೇಳುವುದೇ ಬೇಡ.

ಪ್ರಾಣಾಯಾಮ ಮಾಡಿ, ಖುಷಿಯಾಗಿರಿ ಎಂಬ ಸಲಹೆ ಸಾಕಷ್ಟು ಸಿಕ್ಕಿದೆ. ದಿನದ ಯಾವ ಕೆಲಸವನ್ನು ಎಲ್ಲಿಗೆ ಸರಿಸಬಹುದು, ಯಾವುದನ್ನು ಬಿಡಬಹುದು ಅಂತ ಗೊತ್ತಿರುವವರು ಹೇಳಿ. ಈಗಿನ್ನೂ ನವೆಂಬರ್, ಸ್ವಲ್ಪ ಸಮಯ ಇದೆ.

---

ಕಣದ ಲೆಕ್ಕ

ಅಕ್ಕ, ಮೊದಲು ಕಷ್ಟ ಎಷ್ಟು ದಿನದ್ದು ಅಂತ ಲೆಕ್ಕ ಹಾಕಿ. "ಮೂರು ತಿಂಗಳು" ಅಂತ ಮನಸ್ಸಿನಲ್ಲಿ ಕೂತಿದ್ದರೆ ನವೆಂಬರಿನಲ್ಲೇ ಸುಸ್ತಾಗುತ್ತದೆ.

ಎಕರೆಗೆ 20 ಚೀಲ ಹಿಡಿಯೋಣ, 50 ಕೆ.ಜಿ.ಯ ಒಣ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲ. 8 ಎಕರೆಗೆ 160 ಚೀಲ, ಅಂದರೆ 8 ಟನ್. ರೋಬಸ್ಟಾ ಹಣ್ಣು ಒಣಗಿದ ಮೇಲೆ 100 ಕೆ.ಜಿ.ಗೆ ಸುಮಾರು 40ರಿಂದ 45 ಉಳಿಯುತ್ತದೆ, ಹಾಗಾಗಿ ಕುಯ್ಯಬೇಕಾದ ಹಣ್ಣು 18ರಿಂದ 20 ಟನ್. ಒಬ್ಬರಿಗೆ ದಿನಕ್ಕೆ 80 ಕೆ.ಜಿ. ಹಿಡಿದರೂ 10 ಜನ ಇದ್ದರೆ 23ರಿಂದ 25 ದಿನದ ಕೆಲಸ. ಆರೇ ಜನ ಇದ್ದರೆ ಸುಮಾರು 40 ದಿನ. ನಿಮ್ಮ ಫಸಲು ನಿಮಗೇ ಗೊತ್ತು, ಆ ಅಂಕಿ ಹಾಕಿ ನೋಡಿ. ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗೆರೆ ಹಾಕಿ ಗುರುತಿಸಿ. ನಿಮ್ಮ ಆಫೀಸಿನಲ್ಲಿ ರಿಯಾಯಿತಿ ಕೇಳಬೇಕಾದ್ದು, ಊಟ ಹೊರಗಿನಿಂದ ತರಿಸಬೇಕಾದ್ದು, ನೆಂಟರನ್ನು ಮುಂದಕ್ಕೆ ಹಾಕಬೇಕಾದ್ದು ಆ ಗೆರೆಯೊಳಗಿನ ದಿನಗಳಿಗೆ ಮಾತ್ರ.

ಆದರೆ ಜನ ಹೆಚ್ಚು ಹಾಕುವ ಮುಂಚೆ ಕಣ ಅಳೆಯಿರಿ. ಹಣ್ಣನ್ನು 8 ಸೆಂ.ಮೀ. ದಪ್ಪಕ್ಕೆ ಹರಡಿದರೆ ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 50 ಕೆ.ಜಿ. ಹಿಡಿಯುತ್ತದೆ. ದಿನಕ್ಕೆ 800 ಕೆ.ಜಿ. ಬಂದರೆ 16 ಚದರ ಮೀಟರ್. ಒಳ್ಳೆ ಬಿಸಿಲಿಗೆ ಒಣಗಲು 12ರಿಂದ 15 ದಿನ ಬೇಕು, ಅಂದರೆ ಏಕಕಾಲಕ್ಕೆ 200ರಿಂದ 240 ಚದರ ಮೀಟರ್ ಕಣ. ಅಷ್ಟು ಜಾಗ ಇಲ್ಲದೆ ಕುಯ್ಲು ಜೋರು ಮಾಡಿದರೆ ಹಣ್ಣು ರಾಶಿಯಲ್ಲೇ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ, ಅದರ ಜೊತೆ ಗಂಡ ಹೆಂಡತಿ ಜಗಳವೂ. ಸುಮಾರು ಮನೆಗಳಲ್ಲಿ "ಟೆನ್ಷನ್" ಅಂತ ಕರೆಯುವುದು ವಾಸ್ತವದಲ್ಲಿ ಕಣ ಸಾಲದೇ ಇರುವ ಸಮಸ್ಯೆ. ಟಾರ್ಪಾಲು ಹಾಸಿ ಜಾಗ ಹೆಚ್ಚಿಸಬಹುದು, ಆದರೆ ಅಡಿಯ ಪದರದಲ್ಲಿ ತೇವ ಉಳಿಯುವುದರಿಂದ ತಿರುವಿ ಹಾಕುವ ಕೆಲಸ ಹೆಚ್ಚುತ್ತದೆ.

ತಿರುವಿ ಹಾಕುವುದು ಗಂಟೆಗೊಮ್ಮೆ ಆಗಬೇಕು, ಸಂಜೆ ರಾಶಿ ಮಾಡಿ ಮುಚ್ಚಬೇಕು. ಇದಕ್ಕೆ ಕಣಕ್ಕೇ ಅಂತ ಒಬ್ಬರನ್ನು ದಿನಗೂಲಿಗೆ ಇಡಿ. "ಮನೆಯಲ್ಲಿ ಇದ್ದವರು ಕೈಯಾಡಿಸಿದರಾಯ್ತು" ಅಂದರೆ ಮನೆಯಲ್ಲಿ ಇರುವವರು ಯಾರು? ಲ್ಯಾಪ್‌ಟಾಪ್ ಮುಂದೆ ಕೂತ ನೀವು. ಗಂಟೆಗೊಮ್ಮೆ ಎದ್ದು ಬಂದರೆ ಆಫೀಸಿನ ಕೆಲಸ ಮುಗಿಯುವುದು ರಾತ್ರಿಯೇ.

ಇನ್ನು ತೂಕದ ವಿಷಯ. 10 ಜನ, ತಲಾ ಎರಡು ಚೀಲ, 20 ತೂಕ. ಸರಿಯಾಗಿ ನಡೆದರೆ 20-25 ನಿಮಿಷದ ಕೆಲಸ. ಅದು ಒಂದು ಗಂಟೆಗೆ ಎಳೆಯಲು ಕಾರಣ ಮೂರು: ಯಾರ ಚೀಲ ಯಾರದು ಅಂತ ಗೊತ್ತಾಗುವುದಿಲ್ಲ, ಖಾಲಿ ಚೀಲಕ್ಕೆ ಎಷ್ಟು ಕಳೆಯಬೇಕು ಅಂತ ದಿನಾ ಚರ್ಚೆ, ಎಲೆ-ಕಡ್ಡಿ-ಕಾಯಿ ಹೆಚ್ಚಿದೆ ಅಂತ ತಕರಾರು. ಹಾಗಾಗಿ ಕುಯ್ಲಿನ ಮೊದಲ ದಿನವೇ ಪ್ರತಿಯೊಬ್ಬರಿಗೂ ನಂಬರ್ ಕೊಟ್ಟು ಚೀಲದ ಮೇಲೆ ಪೇಂಟಿನಲ್ಲಿ ಬರೆಸಿ. ಖಾಲಿ ಚೀಲ ಎಲ್ಲರೆದುರು ಒಮ್ಮೆ ತೂಗಿ, ಕಳೆಯುವ ತೂಕ ಗೋಡೆಯ ಮೇಲೆ ಬರೆದುಬಿಡಿ. ನೇತುಹಾಕುವ ಡಿಜಿಟಲ್ ತಕ್ಕಡಿ ಒಂದೇ ತೊಲೆಗೆ ಕಟ್ಟಿರಲಿ, ಅಂಕಿ ಕುಯ್ದವರ ಕಣ್ಣಿಗೂ ಕಾಣುವಂತಿರಲಿ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ತೂಕ, ಸಂಜೆ ಒಂದು ತೂಕ ಮಾಡಿದರೆ ಸಂಜೆಯ ಸಾಲು ಅರ್ಧವಾಗುತ್ತದೆ.

ಬರೆಯುವವರು ಅಣ್ಣ (ನಿಮ್ಮ ಮನೆಯವರು) ಅಥವಾ ಮೇಸ್ತ್ರಿ. ನೀವಲ್ಲ. ಬರೆಯುವವರೇ ಅಂದಂದಿನ ತೂಕದ ಪಕ್ಕದಲ್ಲಿ "ಇಲ್ಲಿವರೆಗೆ ಒಟ್ಟು" ಅಂತ ಇನ್ನೊಂದು ಮನೆ ಎಳೆದು ತುಂಬಬೇಕು. ಮೂರನೇ ಮನೆ ಅಡ್ವಾನ್ಸಿಗೆ. ಶನಿವಾರ ಕೂಡುವುದು ಏನೂ ಇರುವುದಿಲ್ಲ, ರೇಟಿನಿಂದ ಗುಣಿಸಿ ಅಡ್ವಾನ್ಸ್ ಕಳೆದರೆ ಮುಗಿಯಿತು. ಚಿಲ್ಲರೆ ನೋಟು ಶುಕ್ರವಾರವೇ ತಂದಿಡಿ. ಬಟವಾಡೆ ತಡವಾಗುವುದು ಎಷ್ಟೋ ಸಲ ಲೆಕ್ಕದಿಂದಲ್ಲ, ಚಿಲ್ಲರೆಯಿಂದ.

---

ಕುಶಾಲನಗರದ ಎಚ್‌ಆರ್

ಮೇಲಿನವರು ತೋಟದ್ದು ಹೇಳಿದರು, ನಾನು ಕಂಪನಿ ಕಡೆಯದು ಹೇಳುತ್ತೇನೆ.

ಮ್ಯಾನೇಜರ್ ಹತ್ತಿರ ಜನವರಿಯಲ್ಲಿ ಅಳುವ ಬದಲು ಈಗಲೇ ಬರೆಯಿರಿ. "ಮನೆಯಲ್ಲಿ ತೊಂದರೆ ಇದೆ, ಸ್ವಲ್ಪ ಅನುಕೂಲ ಮಾಡಿಕೊಡಿ" ಅಂತ ಬರೆದರೆ ಅವರಿಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ, ಸುಮ್ಮನೆ "ಆಯ್ತು ನೋಡೋಣ" ಅನ್ನುತ್ತಾರೆ. ಬೇಕಾದ್ದನ್ನು ತಾರೀಖು, ಗಂಟೆ ಸಮೇತ ಕೇಳಿ: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಬೆಳಿಗ್ಗೆ 8.30ಕ್ಕೆ ಶುರು ಮಾಡುತ್ತೇನೆ, 3.45ರಿಂದ 4.45 ಲಭ್ಯ ಇರುವುದಿಲ್ಲ, ಸಂಜೆ 6.30ಕ್ಕೆ ಮುಗಿಸುತ್ತೇನೆ. ಒಟ್ಟು ಗಂಟೆ ಅಷ್ಟೇ ಉಳಿಯುತ್ತದೆ. ತುರ್ತು ಇದ್ದರೆ ಆ ಒಂದು ಗಂಟೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ ಒಬ್ಬ ಸಹೋದ್ಯೋಗಿಯ ಹೆಸರೂ ಹಾಕಿ, ಅವರನ್ನು ಮೊದಲೇ ಕೇಳಿ. ಒಪ್ಪಿಗೆ ಬಂದ ಕೂಡಲೇ ಕ್ಯಾಲೆಂಡರಿನಲ್ಲಿ ಆ ಹೊತ್ತನ್ನು ಬ್ಲಾಕ್ ಮಾಡಿ. ಬಾಯಿ ಮಾತು ಎರಡು ವಾರಕ್ಕೆ ಮರೆತುಹೋಗುತ್ತದೆ.

ಇನ್ನೊಂದು. ಕೈಲ್‌ಪೋಳ್ದ್, ತುಲಾ ಸಂಕ್ರಮಣ, ಹುತ್ತರಿ ಇವು ಕೊಡಗಿಗೆ ಮಾತ್ರ ಇರುವ ಸ್ಥಳೀಯ ರಜೆ. ಬೆಂಗಳೂರಿನ ಕಂಪನಿಯ ಪಟ್ಟಿಯಲ್ಲಿ ಬರುವುದಿಲ್ಲ. ಮಕ್ಕಳಿಗೆ ರಜೆ, ಮನೆ ತುಂಬ ಜನ, ನಿಮಗೆ ಮಾತ್ರ ಮೀಟಿಂಗ್. ಈ ದಿನಗಳ ರಜೆಯನ್ನು ವರ್ಷದ ಶುರುವಿನಲ್ಲೇ ಹಾಕಿಬಿಡಿ. ಉಳಿದ ರಜೆಯಲ್ಲಿ ನಾಲ್ಕನ್ನು ಎಂಟು ಅರ್ಧ ದಿನ ಮಾಡಿ ಕುಯ್ಲಿನ ಶುಕ್ರವಾರ ಮಧ್ಯಾಹ್ನಗಳಿಗೆ ಇಟ್ಟುಕೊಂಡರೆ ಒಟ್ಟಿಗೆ ನಾಲ್ಕು ದಿನ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಉಪಯೋಗ. ವಾರದ ಕೆಲಸ ಶನಿವಾರಕ್ಕೆ ಹರಿದು ಬರುವುದು ನಿಲ್ಲುತ್ತದೆ.

ಕುಯ್ಲು ಮುಗಿದ ಮೇಲೆ ವಿಶ್ರಾಂತಿಗೆ ಅಂತ ಒಂದೆರಡು ದಿನ ಬೇಕೇ ಬೇಕು, ಅದನ್ನೂ ಈಗಲೇ ಗುರುತು ಹಾಕಿ. ಏಪ್ರಿಲ್ ಬಂದರೆ ಮದುವೆ, ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಅಂತ ಮನೆ ಮತ್ತೆ ತುಂಬುತ್ತದೆ, ಆಮೇಲೆ ಸಿಗುವುದಿಲ್ಲ.

---

ಮಿನುಗು ದೀಪ

ಕರೆಂಟಿನ ಬಗ್ಗೆ ಇಷ್ಟು. 12 ವೋಲ್ಟಿನ 150 ಎಎಚ್ ಬ್ಯಾಟರಿ ಅಂದರೆ ಕಾಗದದ ಮೇಲೆ 1800 ವಾಟ್-ಅವರ್. ಪೂರ್ತಿ ಖಾಲಿ ಮಾಡಬಾರದು, ಇನ್ವರ್ಟರಿನಲ್ಲೂ ಒಂದಷ್ಟು ನಷ್ಟ, ಕೈಗೆ ಸಿಗುವುದು 1100 ಅಂತ ಹಿಡಿಯಿರಿ. ಲ್ಯಾಪ್‌ಟಾಪ್ 60 ವಾಟ್, ವೈಫೈ ಪೆಟ್ಟಿಗೆ 12, ಎರಡು ಎಲ್‌ಇಡಿ ಬಲ್ಬ್ 18. ಒಟ್ಟು 90. ಹನ್ನೆರಡು ಗಂಟೆ ಆರಾಮ. ಫ್ರಿಜ್, ಟಿ.ವಿ. ಅದೇ ಲೈನಿಗೆ ಬಿದ್ದರೆ ಅರ್ಧವೂ ಬಾರದು, ಎಲೆಕ್ಟ್ರಿಷಿಯನ್ ಕರೆಸಿ ಅವನ್ನು ಬೇರ್ಪಡಿಸಿ.

ಕರೆಂಟು ಹೋದ ಕ್ಷಣ ವೈಫೈ ಆಫ್ ಆಗಿ ಮೀಟಿಂಗ್ ಕಡಿಯುತ್ತದೆಯೇ? ಇನ್ವರ್ಟರಿನ ಹಿಂದೆ ಎಷ್ಟೋ ಮಾಡೆಲ್‌ಗಳಲ್ಲಿ ಒಂದು ಚಿಕ್ಕ ಸ್ವಿಚ್ ಇರುತ್ತದೆ, ಅದು ಯುಪಿಎಸ್ ಕಡೆಗಿರಲಿ. ಇನ್ನೊಂದು ಕಡೆಗಿದ್ದರೆ ಬದಲಾಗುವಾಗ ತಡವಾಗಿ ವೈಫೈ ಹೊಸದಾಗಿ ಶುರುವಾಗುತ್ತದೆ. ಡಿಸ್ಟಿಲ್ಡ್ ವಾಟರ್ ಮಟ್ಟ ಡಿಸೆಂಬರಿನಲ್ಲೇ ನೋಡಿ. ಮರ ಬಿದ್ದು ಕೇಬಲ್ಲೇ ತುಂಡಾದರೆ ಇದ್ಯಾವುದೂ ಸಹಾಯಕ್ಕೆ ಬರುವುದಿಲ್ಲ. ಮನೆಯ ಯಾವ ಮೂಲೆಯಲ್ಲಿ ಯಾವ ಸಿಮ್‌ಗೆ ಸಿಗ್ನಲ್ ಬರುತ್ತದೆ ಅಂತ ಈಗಲೇ ಪರೀಕ್ಷಿಸಿ ಆ ಸಿಮ್ ರೀಚಾರ್ಜ್ ಮಾಡಿಡಿ.

---

ತಿತಿಮತಿ ಕಡೆಯವಳು

ತುಂಬ ಉಪಕಾರ. ಚೀಲದ ನಂಬರ್, "ಇಲ್ಲಿವರೆಗೆ ಒಟ್ಟು" ಎರಡನ್ನೂ ಇವರಿಗೆ ಓದಿ ಹೇಳಿದೆ. ಒಪ್ಪಿದರು. ಆದರೆ ಹತ್ತು ಜನ ಸಿಗುವುದು ಕನಸು, ಆರು ಜನ ಸಿಕ್ಕರೆ ಪುಣ್ಯ ಅನ್ನುತ್ತಾರೆ. ಮತ್ತೆ ರಾತ್ರಿ ಸ್ಪ್ರಿಂಕ್ಲರ್, ಅತ್ತೆಯ ಇನ್ಸುಲಿನ್, ಮಗನ ಪರೀಕ್ಷೆ ಇವುಗಳ ಬಗ್ಗೆ ಯಾರಾದರೂ ಹೇಳಿ.

---

ಶುಶ್ರೂಷಕಿ, ವಿರಾಜಪೇಟೆ

ಅತ್ತೆಯವರದ್ದು ಮೊದಲು, ಏಕೆಂದರೆ ಇದು ಕಾಯುವ ವಿಷಯವಲ್ಲ. ಕುಯ್ಲಿನ ಕಾಲದಲ್ಲಿ ಊಟ ತಡವಾಗುತ್ತದೆ, ಇನ್ಸುಲಿನ್ ತಡವಾಗುವುದಿಲ್ಲ. ಬೆಳಿಗ್ಗೆ ಚುಚ್ಚಿಕೊಂಡು ಎಲ್ಲರೂ ಅಂಗಳಕ್ಕೆ ಹೋಗಿ, ತಿಂಡಿ ಒಂದು ಗಂಟೆ ಮುಂದೆ ಹೋದರೆ ಸಕ್ಕರೆ ಇಳಿಯುತ್ತದೆ. ಬೆವರು, ನಡುಕ, ಮಾತು ತೊದಲುವುದು, ಕಾರಣವಿಲ್ಲದೆ ಸಿಟ್ಟು. "ಅಜ್ಜಿಗೆ ವಯಸ್ಸಾಯ್ತು, ಸಿಡುಕು" ಅಂತ ತಿಳಿದು ಬಿಟ್ಟುಬಿಡುವ ಅಪಾಯ ಇದೆ. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ಮಗ ಮತ್ತು ಅಡಿಗೆಗೆ ಬರುವವರು ಓದಿರಬೇಕು.

ಅತ್ತೆಯ ತಿಂಡಿ ಮನೆಯವರ ತಿಂಡಿಯಿಂದ ಬೇರೆ ಮಾಡಿ. ಮನೆಮಂದಿಗೆಲ್ಲ ಕಡುಬು ಬೇಯುವವರೆಗೆ ಅವರು ಕಾಯಬಾರದು. ಹಿಂದಿನ ರಾತ್ರಿಯೇ ಅವರ ಪಾಲು ತೆಗೆದಿಟ್ಟರೆ ಸಾಕು. ಗುಳಿಗೆಗಳನ್ನು ಏಳು ದಿನದ ಡಬ್ಬಿಗೆ ಭಾನುವಾರ ತುಂಬುವುದು ಅವರ ಮಗನ, ಅಂದರೆ ನಿಮ್ಮ ಮನೆಯವರ ಕೆಲಸ ಆಗಲಿ. ತುಂಬುವುದು ಮಾತ್ರವಲ್ಲ, ಮುಗಿಯುವ ಮೊದಲು ತರುವುದು, ಸೂಜಿ ಎಣಿಸುವುದು, ಡಾಕ್ಟರ ತಾರೀಖು ನೆನಪಿಡುವುದು ಎಲ್ಲ ಸೇರಿ. ಕೆಲಸ ಒಬ್ಬರದು, ನೆನಪಿಸುವುದು ಇನ್ನೊಬ್ಬರದು ಅಂತಾದರೆ ಹೆಂಗಸಿನ ತಲೆ ಹಗುರಾಗುವುದಿಲ್ಲ. ಉಳಿದ ಕೆಲಸಗಳನ್ನೂ ಹೀಗೆಯೇ ಬುಡಸಮೇತ ಹಂಚಿ.

ಕರೆಂಟು ಹೋದಾಗ ಇನ್ಸುಲಿನ್ ಬಗ್ಗೆ ಗಾಬರಿ ಬೇಡ. ಬಳಕೆಯಲ್ಲಿರುವ ಬಾಟಲಿ ಸಾಮಾನ್ಯವಾಗಿ 25-30 ಡಿಗ್ರಿಯೊಳಗೆ ನಾಲ್ಕು ವಾರ ಇರುತ್ತದೆ, ಡಬ್ಬಿಯ ಮೇಲೆ ಎಷ್ಟು ದಿನ ಅಂತ ಬರೆದಿರುತ್ತಾರೆ, ನೋಡಿಕೊಳ್ಳಿ. ಒಡೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ. ಫ್ರೀಜರಿಗೆ ಹತ್ತಿರ ಇಡಬೇಡಿ, ಹೆಪ್ಪುಗಟ್ಟಿದ್ದು ಎಸೆಯಬೇಕು.

ಈಗ ನಿದ್ದೆ. ಮಕ್ಕಳ ಮೇಲೆ ರೇಗುವುದಕ್ಕೆ ಮೂಲ ಅದೇ ಇರಬಹುದು. ಇಡೀ ರಾತ್ರಿ ಸಿಗದಿದ್ದರೂ ದಿನಾ ಒಂದೇ ಹೊತ್ತಿನಲ್ಲಿ ತುಂಡಾಗದ ನಾಲ್ಕೈದು ಗಂಟೆ ಕಾಪಾಡಿಕೊಳ್ಳಿ, ಉದಾಹರಣೆಗೆ 11ರಿಂದ 4. ಸ್ಪ್ರಿಂಕ್ಲರ್ ನಡೆಯುವ ವಾರಗಳಲ್ಲಿ ನೀವು ಬೇರೆ ಕೋಣೆಯಲ್ಲಿ ಮಲಗಿ. ಇಬ್ಬರೂ ಅರ್ಧ ನಿದ್ದೆ ಮಾಡುವುದಕ್ಕಿಂತ ಒಬ್ಬರಾದರೂ ಪೂರ್ತಿ ಮಲಗುವುದು ಮನೆಗೆ ಕ್ಷೇಮ. ಅಣ್ಣ ಮಧ್ಯಾಹ್ನ ಊಟದ ಮೇಲೆ 20-30 ನಿಮಿಷ ಮಲಗಲಿ, ಅದಕ್ಕಿಂತ ಉದ್ದ ಆದರೆ ಎದ್ದಾಗ ಮಂಕು. ಸಂಜೆ 4ರ ನಂತರ ಕಾಫಿ ಇಬ್ಬರಿಗೂ ಬೇಡ. ಕಾಫಿ ಬೆಳೆಯುವವರಿಗೆ ಹೇಳಲು ನಾಚಿಕೆ, ಆದರೂ ಹೇಳಿದೆ.

ಇನ್ನೊಂದನ್ನು ಬಿಡದೆ ಹೇಳಬೇಕು. ಸುಸ್ತು ಬೇರೆ, ಕಾಯಿಲೆ ಬೇರೆ. ಎರಡು ವಾರ ಬಿಡದೆ ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮಲಗಲು ಅವಕಾಶ ಇದ್ದರೂ ಬೆಳಗಿನ ಜಾವ ಎಚ್ಚರವಾಗುವುದು, ಸಂಜೆಯ ಒಂದು ಪೆಗ್ ಮೂರಾಗುವುದು, "ನಾನಿಲ್ಲದಿದ್ದರೆ ವಾಸಿ" ಎಂಬ ಮಾತು. ಇವು ವೇಳಾಪಟ್ಟಿಯಿಂದ ಸರಿಹೋಗುವುದಿಲ್ಲ. 14416, ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಯಾರದಾದರೂ ಬಾಯಲ್ಲಿ ಆ ಕೊನೆಯ ಮಾತು ಬಂದರೆ ತೋಟಕ್ಕೆ ಹೊಡೆಯುವ ವಿಷದ ಔಷಧಿ, ಕೋವಿ ಎರಡಕ್ಕೂ ಬೀಗ ಹಾಕಿ ಬೀಗದಕೈ ಬೇರೆಯವರ ಹತ್ತಿರ ಕೊಡಿ, ಆಮೇಲೆ ಮಿಕ್ಕದ್ದು.

---

ಸಿದ್ದಾಪುರ ರೈಟರ್

ರಾತ್ರಿ ಪೈಪ್ ಬಗ್ಗೆ ನರ್ಸಮ್ಮ ಹೇಳಿದ್ದಕ್ಕೆ ಸೇರಿಸುತ್ತೇನೆ. ತಿತಿಮತಿ ಅಂದಿರಿ. ಆನೆ ಓಡಾಡುವ ಜಾಗದಲ್ಲಿ ರಾತ್ರಿ 2 ಗಂಟೆಗೆ ಟಾರ್ಚ್ ಹಿಡಿದು ತೋಟಕ್ಕೆ ಇಳಿಯುವುದೇ ತಪ್ಪು. ಮೋಟಾರ್ ಶಬ್ದದಲ್ಲಿ ಆನೆ ಹತ್ತಿರ ಬಂದದ್ದು ಕೇಳಿಸುವುದಿಲ್ಲ. ಮನೆಯಲ್ಲಿರುವವರು ಮಲಗದೆ ಕಾಯುವುದಕ್ಕೂ ಅರ್ಧ ಕಾರಣ ಈ ಹೆದರಿಕೆ.

ಕತ್ತಲಾಗುವ ಮೊದಲು ಒಂದು ಸೆಟ್ ಹಾಕಿ, ಬೆಳಕು ಹರಿದ ಮೇಲೆ ಬದಲಿಸಿ. ರಾತ್ರಿಯ ಸೆಟ್ಟಿಗೆ ಚಿಕ್ಕ ನಾಝಲ್ ಹಾಕಿದರೆ ನೀರು ನಿಧಾನವಾಗಿ ಬೀಳುತ್ತದೆ, ಅದೇ ಒಂದು ಇಂಚು ನೀರು ಬೀಳಲು ಹೆಚ್ಚು ಗಂಟೆ ಹಿಡಿಯುತ್ತದೆ. ಎಸೆಯುವ ದೂರ ಕಡಿಮೆಯಾಗುವುದರಿಂದ ನೀರು ಚಿಮ್ಮಿಸುವ ಜೆಟ್‌ಗಳನ್ನು ಸ್ವಲ್ಪ ಹತ್ತಿರ ನಿಲ್ಲಿಸಬೇಕು, ಇಲ್ಲದಿದ್ದರೆ ಮಧ್ಯೆ ಒಣ ಪಟ್ಟಿ ಉಳಿದು ಅಲ್ಲಿ ಹೂವು ಅರೆಬರೆ ಆಗುತ್ತದೆ. ನೀರು ಎಷ್ಟು ಬಿತ್ತು ಅಂತ ನೋಡಲು ನೇರ ಗೋಡೆಯ ಖಾಲಿ ಡಬ್ಬಿ ನಾಲ್ಕು ಕಡೆ ಇಡಿ, ಬೆಳಿಗ್ಗೆ ಸ್ಕೇಲಿನಿಂದ ಅಳೆಯಿರಿ. ಅಷ್ಟು ಬೇಡ ಅನಿಸಿದರೆ ರಾತ್ರಿ ಮೋಟಾರ್ ನಿಲ್ಲಿಸಿಬಿಡಿ. ಮುಗಿಯಲು ಕೆಲವು ದಿನ ಹೆಚ್ಚು ಹಿಡಿಯಬಹುದು, ಹೂವು ಬ್ಲಾಕಿನಿಂದ ಬ್ಲಾಕಿಗೆ ಹಿಂದೆಮುಂದೆ ಆಗುತ್ತದೆ, ಅದರಿಂದ ಮುಂದಿನ ಕುಯ್ಲೂ ಸ್ವಲ್ಪ ಹಂಚಿಹೋಗುತ್ತದೆ. ಜನ ಕಡಿಮೆ ಇರುವ ನಿಮಗೆ ಅದು ಲಾಭವೇ. ಹೂವು ಅರಳಿದ ದಿನ ಮಾತ್ರ ಆ ಬ್ಲಾಕಿನಲ್ಲಿ ನೀರು ಹಾರಿಸಬೇಡಿ.

---

ನಾಪೋಕ್ಲು ಮೇಷ್ಟ್ರು

ಎಸ್‌ಎಸ್‌ಎಲ್‌ಸಿಗೆ 2024ರಿಂದ ವರ್ಷಕ್ಕೆ ಒಂದೇ ಪರೀಕ್ಷೆ ಅಲ್ಲ, ಅದೇ ವರ್ಷ ಮತ್ತೆ ಬರೆಯುವ ಅವಕಾಶ ಇದೆ. ಹೆಚ್ಚು ಅಂಕ ಬಂದದ್ದು ಉಳಿಯುತ್ತದೆ. ಹುಡುಗನಿಗೆ ಇದನ್ನು ಬಿಡಿಸಿ ಹೇಳಿ, ಸೋಮಾರಿತನಕ್ಕಲ್ಲ, ಗಾಬರಿ ಇಳಿಯಲು. ನೀವು ಪಕ್ಕದಲ್ಲಿ ಕೂತು ಓದಿಸುವ ಅಗತ್ಯ ಇಲ್ಲ. ವಾರಕ್ಕೆ ಎರಡು ಹಳೇ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟುಕೊಂಡು, ಪರೀಕ್ಷೆ ನಡೆಯುವ ಹೊತ್ತಿನಲ್ಲೇ ಬರೆಯಲಿ. ಭಾನುವಾರ ನೀವು ನೋಡಬೇಕಾದ್ದು ಅಂಕವನ್ನಲ್ಲ, ಖಾಲಿ ಬಿಟ್ಟ ಪ್ರಶ್ನೆಗಳನ್ನು. ಅವುಗಳ ಪಟ್ಟಿ ಸೋಮವಾರ ಶಾಲೆಗೆ ಹೋಗಲಿ, ಉತ್ತರ ಹೇಳಿಕೊಡುವುದು ಮೇಷ್ಟ್ರ ಕೆಲಸ. ತೂಕದ ಪುಸ್ತಕ ಬರೆಯಲು ಅವನನ್ನು ಎಳೆಯಬೇಡಿ. ಅರ್ಧ ಗಂಟೆ ಅನ್ನುತ್ತೇವೆ, ಅಂಗಳಕ್ಕೆ ಬಂದವನು ಒಳಗೆ ಹೋಗುವುದು ಕತ್ತಲಾದ ಮೇಲೆ.

---

ಕಣದ ಲೆಕ್ಕ

ಆರೇ ಜನ ಅಂದಿರಿ. ಹಾಗಾದರೆ 40 ದಿನವೂ ಕಣದ ಕೆಲಸ ಎಳೆಯುವುದು ಬೇಡ, ಮನೆಗೆ ದೂರದ ಬ್ಲಾಕಿನ ಹಣ್ಣನ್ನು ಹಸಿಯಾಗಿಯೇ ಕೊಡುವ ಲೆಕ್ಕ ನೋಡಿ. ಕುಯ್ಲಿಗೆ ಅಷ್ಟೇ ದಿನ ಬೇಕಾದರೂ ಆ ಹಣ್ಣು ಕಣಕ್ಕೆ ಬರುವುದಿಲ್ಲ, ತಿರುವುವುದಿಲ್ಲ, ಮುಚ್ಚುವುದಿಲ್ಲ, ಚೀಲ ಕಟ್ಟಿ ಕಾಯುವುದಿಲ್ಲ. ಕುಯ್ದು ಕೊಂಡೊಯ್ಯುವ ವ್ಯಾಪಾರಿ ಸಿಕ್ಕರೆ ಜನರ ಚಿಂತೆಯೂ ಅವರದೇ, ಕುಯ್ಲಿನ ಕೂಲಿ ಕಳೆದು ಕೊಡುತ್ತಾರೆ.

ಲೆಕ್ಕ ಹೀಗೆ: 100 ಕೆ.ಜಿ. ಹಸಿ ಹಣ್ಣಿಗೆ ಕೊಡುವ ಬೆಲೆ ಒಂದು ಕಡೆ. ಇನ್ನೊಂದು ಕಡೆ 42 ಕೆ.ಜಿ. ಒಣ ಚೆರ್ರಿಯ ಬೆಲೆ, ಅದರಲ್ಲಿ ಕಣದ ಕೂಲಿ, ಚೀಲ, ಸಾಗಾಟ ಕಳೆಯಿರಿ. ಒಣಗಿಸಿ ಕೊಟ್ಟರೆ ಸ್ವಲ್ಪ ಹೆಚ್ಚೇ ಬರುತ್ತದೆ ಸಾಮಾನ್ಯವಾಗಿ. ಆ ಹೆಚ್ಚಿಗೆ ದುಡ್ಡನ್ನು ನಿಮ್ಮಿಬ್ಬರಿಗೆ ಉಳಿಯುವ ಸಂಜೆಗಳಿಂದ ಭಾಗಿಸಿ, ಒಂದು ಸಂಜೆಗೆ ಎಷ್ಟು ಬೀಳುತ್ತದೆ ಅಂತ ಅಣ್ಣನಿಗೆ ತೋರಿಸಿ. ದರ ದಿನಾ ಬದಲಾಗುವುದರಿಂದ ಇಬ್ಬರು ಮೂವರನ್ನು ಕೇಳಿ, ತೂಕ ನಿಮ್ಮ ತಕ್ಕಡಿಯಲ್ಲೇ, ದುಡ್ಡು ಲೋಡ್ ಹೊರಡುವ ಮುಂಚೆ.